ಆ ಅರ್ಧ ಗೂಡನ್ನು ಯಾಕೆ ಅಳಿಸಿದಿರಿ, ಕಾಕಾ?

ಕೊಪ್ಪಳ ಕಾಕಾ: ಗಂಗಾವತಿ ಹತ್ತಿರ ಎಡದಂಡೆ ಕಾಲುವೆಯ ಬದಿಯಲ್ಲಿ ನೀನು ತೆಗೆದ ಗೀಜಗದ ಫೋಟೊವನ್ನು ತಿದ್ದಿ ಹಾಕಿದ್ದೇನೆ. ಜಾಲಿ ಮುಳ್ಳು, ಅರ್ಧ ಗೂಡು ಎಲ್ಲ ತೆಗೆದ ಮೇಲೆ ಹಕ್ಕಿ ಎದ್ದು ಕಾಣುತ್ತಿದೆ.

ನಾನು: ಕಾಕಾ, ನೀವು ಪ್ರೀತಿಯಿಂದ ಕುಳಿತು ತಿದ್ದಿದ್ದೀರಿ, ಆದರೂ ಇದನ್ನು ನನ್ನ ಹೆಸರಿನಲ್ಲಿ ಬೇರೆ ಗುಂಪುಗಳಿಗೆ ಕಳಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ನೀವು ಅಳಿಸಿದ ಗೂಡೇ ಆ ಚಿತ್ರದ ಜೀವ. ಗಂಡು ಗೀಜಗ ಭತ್ತದ ಎಲೆಯನ್ನೂ ಹುಲ್ಲನ್ನೂ ಉದ್ದಕ್ಕೆ ಸೀಳಿ ತಂದು, ಟೋಪಿಯ ಆಕಾರ ಬರುವಷ್ಟು ನೇಯ್ದು, ಅಲ್ಲಿಗೆ ನಿಲ್ಲಿಸಿ, ರೆಕ್ಕೆ ಬಡಿಯುತ್ತ ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ನೋಡಿ ಒಪ್ಪಿದ ಮೇಲೆಯೇ ಗಂಡು ಮೊಟ್ಟೆಯಿಡುವ ಕೋಣೆಯನ್ನೂ ಕೆಳಗಿನ ಕೊಳವೆಯನ್ನೂ ಪೂರ್ತಿ ಮಾಡುತ್ತದೆ. ಒಂದು ಗೂಡು ಮುಗಿಸಲು ಅದು 500 ಸಲದವರೆಗೂ ಹಾರಿ ಹೋಗಿ ಬರುವುದುಂಟು. ಗೂಡನ್ನು ತೆಗೆದುಬಿಟ್ಟರೆ ಹಕ್ಕಿ ಯಾತಕ್ಕೆ ರೆಕ್ಕೆ ಬಿಚ್ಚಿದೆ ಎಂಬುದೇ ನೋಡುವವರಿಗೆ ತಿಳಿಯುವುದಿಲ್ಲ. ಮುಳ್ಳೂ ಸುಮ್ಮನೆ ಇಲ್ಲ; ಶತ್ರುಗಳಿಗೆ ಸುಲಭವಾಗಿ ಸಿಗದಂತೆ ನೀರಿನ ಮೇಲೆ ಬಾಗಿದ ಜಾಲಿಯನ್ನೋ ಈಚಲನ್ನೋ ಅದು ಆರಿಸಿಕೊಳ್ಳುತ್ತದೆ.

ಸಿಂಧನೂರು ಅತ್ತಿ: ಮೊದಲಿನ ಚಿತ್ರದಲ್ಲಿ ನಾನು ಹಕ್ಕಿಯನ್ನು ಹುಡುಕಬೇಕಾಯಿತಪ್ಪ. ತಿದ್ದುವುದೇ ತಪ್ಪಾದರೆ ನೀನು ಕ್ರಾಪ್ ಮಾಡುವುದು ಏನು?

ನಾನು: ತಿದ್ದುವುದು ತಪ್ಪಲ್ಲ ಅತ್ತಿ. 15 ಸೆಂಟಿಮೀಟರಿನ ಹಕ್ಕಿಯನ್ನು ಹೆದರಿಸದೆ ದೂರದಿಂದ ತೆಗೆದರೆ ಕ್ರಾಪ್ ಮಾಡಲೇಬೇಕು. ಕೊಕ್ಕು ಯಾವ ಕಡೆಗಿದೆಯೋ ಆ ಕಡೆ ಜಾಗ ಹೆಚ್ಚು ಬಿಟ್ಟು, ಗೂಡೂ ಒಳಗೆ ಬರುವಂತೆ ನಾನೇ ಕತ್ತರಿಸಿ ಹಾಕುತ್ತೇನೆ. ಗಂಡಿನ ಮುಖ ಕಡುಗಂದು. ಬಿಸಿಲಿನಲ್ಲಿ ಕಣ್ಣು ಅದರಲ್ಲೇ ಮುಳುಗಿಹೋಗುತ್ತದೆ. ಅಲ್ಲಿ ನೆರಳನ್ನು ತುಸು ತಿಳಿಗೊಳಿಸಿ ಕಣ್ಣಿನ ಹೊಳಪನ್ನು ಕಾಣಿಸಿದರೆ, ಇದ್ದುದನ್ನೇ ತೋರಿಸಿದಂತಾಗುತ್ತದೆ. ಕಾಕಾ ಹಾಕಿದ ಚಿತ್ರದಲ್ಲಿ ನೆತ್ತಿಯನ್ನು ದೊಡ್ಡದು ಮಾಡಿ ನೋಡಿ: ಬಣ್ಣ ಏರಿಸಿದ್ದರಿಂದ ಗರಿಯ ಎಳೆಗಳೆಲ್ಲ ಅಳಿಸಿ, ಅರಿಶಿನ ಮೆತ್ತಿದಂತೆ ಕಾಣುತ್ತದೆ.

ಕೊಪ್ಪಳ ಕಾಕಾ: ನೆತ್ತಿಯ ಮಾತು ನಿಜ, ಗೂಡಿನ ವಿಷಯವನ್ನೂ ಒಪ್ಪಿದೆ. ಎದೆಗೆ ಅಡ್ಡ ಬಂದ ಆ ಒಂದು ಮುಳ್ಳನ್ನಾದರೂ ತೆಗೆಯಲು ಬಿಡು, ಕಣ್ಣಿಗೆ ಚುಚ್ಚುತ್ತದೆ.

ನಾನು: ಅದನ್ನೂ ಬಿಡಿ ಕಾಕಾ. ಬದುವಿನ ಮೇಲೆ ಎರಡು ಹೆಜ್ಜೆ ಎಡಕ್ಕೆ ಸರಿದು ನಿಂತಿದ್ದರೆ ಆ ಮುಳ್ಳು ಅಡ್ಡ ಬರುತ್ತಿರಲಿಲ್ಲ. ನಾನು ಸರಿಯಲಿಲ್ಲ, ತಪ್ಪು ನನ್ನದು. ಮೂಲ ಚಿತ್ರವನ್ನು ಮತ್ತೆ ಹಾಕುತ್ತಿದ್ದೇನೆ. ನಿಮ್ಮದನ್ನು ಗುಂಪಿನಿಂದ ತೆಗೆಯಿರಿ.