‘ಉರಿಯೂತ’: ಮುದಿ ಇಲಿಯ ಮೆದುಳಿಗೆ ಈ ಪದ ಒಪ್ಪುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಉಡುಪಿಯ ಪಿಯುಸಿ ಮಕ್ಕಳಿಗೆಂದು ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ವಯಸ್ಸಾದ ಇಲಿಗಳ ಮೆದುಳನ್ನು ಪೆಟ್ ಸ್ಕ್ಯಾನ್ (ವಿಕಿರಣದ ನೆರವಿನಿಂದ ಒಳಗಿನ ಚಿತ್ರ ತೆಗೆಯುವ ವಿಧಾನ) ಮಾಡಿ, ಅಲ್ಲಿ ಉರಿಯೂತ ಉಂಟಾ ಇಲ್ಲವಾ ಎಂದು ನೋಡುವ ಸಂಶೋಧನೆ ಅದರ ವಿಷಯ. ಬರೆಯುವಾಗ ‘ಉರಿಯೂತ’ ಎಂಬಲ್ಲೇ ಪೆನ್ನು ನಿಂತಿತು.

ಉರಿ ಮತ್ತು ಊತ. ಮುಳ್ಳು ಚುಚ್ಚಿ ಕಾಲು ಬಾತಾಗ ಇದಕ್ಕಿಂತ ಒಳ್ಳೆಯ ಪದ ಇಲ್ಲ. ಕೆಂಪಾಗುವುದು, ಊದುವುದು, ಬಿಸಿಯಾಗುವುದು, ನೋಯುವುದು ಎಂದು ಪ್ರಾಚೀನ ರೋಮಿನ ಲೇಖಕ ಸೆಲ್ಸಸ್ ಹೇಳಿದ ನಾಲ್ಕೂ ಲಕ್ಷಣ ಅಲ್ಲಿ ಕಾಣುತ್ತವೆ. ಮುದಿ ಇಲಿಯ ಮೆದುಳಿನಲ್ಲಿ ಹಾಗಲ್ಲ. ನೋವು ತಿಳಿಯುವ ನರತುದಿಗಳೇ ಮೆದುಳಿನೊಳಗೆ ಇಲ್ಲ. ಅಲ್ಲಿ ಮೈಕ್ರೋಗ್ಲಿಯಾ ಎಂಬ ರಕ್ಷಣೆಯ ಜೀವಕೋಶಗಳ ಒಡಲು ದಪ್ಪವಾಗುತ್ತದೆ, ಸುತ್ತ ಚಾಚಿದ ಎಳೆಗಳು ಮೊಟಕಾಗುತ್ತವೆ. ಉರಿಯೂತದ ಸಂದೇಶ ಒಯ್ಯುವ ಸೈಟೋಕೈನ್‌ಗಳು ಸ್ವಲ್ಪ ಸ್ವಲ್ಪವೇ ಹೊರಬರುತ್ತಾ ಇರುತ್ತವೆ. ಬೂದಿ ಮುಚ್ಚಿದ ಕೆಂಡ ಅಂತಾರಲ್ವಾ, ಹಾಗೆ.

ಇನ್ನೊಂದು ತೊಡಕು ಉಂಟು. ‘ಮೆದುಳಿನ ಉರಿಯೂತ’ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಮೆದುಳು ಜ್ವರ. 2022ರ ಡಿಸೆಂಬರ್‌ನಲ್ಲಿ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಮಕ್ಕಳಿಗೆ ಅದರ ಲಸಿಕೆ ಹಾಕಿದ್ದರು. ಈಗ ಪಿಯುಸಿಯಲ್ಲಿರುವವರಲ್ಲಿ ಎಷ್ಟೋ ಜನ ಆಗ ತೋಳೊಡ್ಡಿದವರು. ಸೊಳ್ಳೆಯಿಂದ ಬರುವ ಸೋಂಕಿಗೂ ವಯಸ್ಸಿನೊಂದಿಗೆ ಬರುವ ಈ ಬದಲಾವಣೆಗೂ ಒಂದೇ ಹೆಸರಾದರೆ ಮಕ್ಕಳಿಗೆ ಗೊಂದಲ ಖಂಡಿತ.

ಅದಕ್ಕೆ ‘ಮುಪ್ಪಿನ ಉರಿಯೂತ’ ಎಂದು ಬರೆದಿದ್ದೇನೆ. ಇಟಲಿಯ ಕ್ಲಾಡಿಯೊ ಫ್ರಾನ್ಸೆಸ್ಕಿ ಮತ್ತು ಸಂಗಡಿಗರು 2000ದಲ್ಲಿ ‘ಇನ್‌ಫ್ಲಮೇಜಿಂಗ್’ ಎಂದು ಹೆಸರಿಟ್ಟದ್ದು ಇದಕ್ಕೇ. ‘ವಯೋಸಂಬಂಧಿ ದೀರ್ಘಕಾಲಿಕ ಉರಿಯೂತ’ ಎಂದು ಗೆಳೆಯರೊಬ್ಬರು ಸೂಚಿಸಿದರು. ತಪ್ಪಿಲ್ಲ, ಆದರೆ ಮಕ್ಕಳ ಬಾಯಲ್ಲಿ ನಿಲ್ಲುವುದಿಲ್ಲ.

ನನಗೆ ಜಾಸ್ತಿ ಚಿಂತೆ ಇರುವುದು ಕ್ರಿಯಾಪದದ್ದು. ‘ಸ್ಕ್ಯಾನ್‌ನಲ್ಲಿ ಉರಿಯೂತ ಪತ್ತೆಯಾಯಿತು’ ಎಂದು ಸುಮ್ನೆ ಬರೆದುಬಿಡುತ್ತೇವೆ. ಯಂತ್ರಕ್ಕೆ ಉರಿಯೂತ ಕಾಣುವುದಿಲ್ಲ. ಇಲಿಯ ರಕ್ತಕ್ಕೆ ವಿಕಿರಣ ಸೂಸುವ ಟ್ರೇಸರ್ ಕೊಡುತ್ತಾರೆ. ಕಾರ್ಬನ್-11 ಸೇರಿಸಿದ ಪಿಕೆ11195 ಇದರಲ್ಲಿ ಹಳೆಯದು. ಸುಮಾರು 20 ನಿಮಿಷಕ್ಕೆ ಅದರ ವಿಕಿರಣ ಅರ್ಧಕ್ಕೆ ಇಳಿಯುತ್ತದೆ. ಜೀವಕೋಶದ ಮೈಟೋಕಾಂಡ್ರಿಯಾದ ಹೊರಪೊರೆಯಲ್ಲಿ ಟಿಎಸ್‌ಪಿಒ ಎಂಬ ಪ್ರೋಟೀನ್ ಉಂಟು, ಟ್ರೇಸರ್ ಅದಕ್ಕೆ ಅಂಟುತ್ತದೆ. ಚಿತ್ರದಲ್ಲಿ ಮೂಡುವುದು ಅದು ಎಲ್ಲಿ ಎಷ್ಟು ಅಂಟಿದೆ ಎಂಬುದು ಮಾತ್ರ. ಇಲಿಗಳಲ್ಲಿ ಮೈಕ್ರೋಗ್ಲಿಯಾ ಕೆರಳಿದಾಗ ಈ ಪ್ರೋಟೀನ್ ಹೆಚ್ಚುತ್ತದೆ, ನಿಜ. ಆದರೆ ಮೆದುಳಿನ ಇನ್ನೊಂದು ಬಗೆಯ ಜೀವಕೋಶಗಳಾದ ಆಸ್ಟ್ರೋಸೈಟ್‌ಗಳಲ್ಲೂ ರಕ್ತನಾಳದ ಒಳಗೋಡೆಯಲ್ಲೂ ಅದು ಇರುತ್ತದೆ. ಮೇಲಾಗಿ ಚಿಕ್ಕ ಜಾತಿಯ ಇಲಿಯ (ಮೌಸ್) ಇಡೀ ಮೆದುಳು ಅರ್ಧ ಗ್ರಾಮ್ ತೂಗುವುದಿಲ್ಲ. ಅಷ್ಟು ಸಣ್ಣ ಜಾಗದಲ್ಲಿ ಅಕ್ಕಪಕ್ಕದ ಭಾಗಗಳು ಒಂದರೊಳಗೊಂದು ಕಲಸಿಹೋಗುತ್ತವೆ.

ಹಾಗಾಗಿ ‘ಉರಿಯೂತದ ಸುಳಿವು ಸಿಕ್ಕಿತು’ ಎಂದೇ ಬರೆಯಬೇಕು ಅಂತ ನನ್ನ ಹಟ. ಸುಳಿವು ಅಂದರೆ ಇನ್ನೂ ಹುಡುಕುವುದು ಬಾಕಿ ಇದೆ ಎಂದು ಓದುವವರಿಗೆ ತಾನಾಗಿ ಗೊತ್ತಾಗುತ್ತದೆ.

ಮಣಿಪಾಲ, ದೇರಳಕಟ್ಟೆ ಕಡೆ ವೈದ್ಯಕೀಯ ಪಾಠ ಮಾಡುವವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ಕನ್ನಡದಲ್ಲಿ ವಿವರಿಸುವಾಗ ಮೈಕ್ರೋಗ್ಲಿಯಾ ‘ಕೆರಳಿತು’ ಅನ್ನುತ್ತೀರಾ, ‘ಸಕ್ರಿಯವಾಯಿತು’ ಅನ್ನುತ್ತೀರಾ? ನಾನು ‘ಕೆರಳಿತು’ ಕಡೆ ವಾಲಿದ್ದೇನೆ. ಆ ಜೀವಕೋಶಗಳು ಗಾಯ ಮಾಯಿಸುವ ಕೆಲಸಕ್ಕೂ ಏಳುತ್ತವೆಯಲ್ಲ, ಆಗಲೂ ಈ ಪದ ನಡೆಯುತ್ತದೆಯೇ?