ಹೊಸ ನೀರಿಗೆ ಮೀನು ಹಳ್ಳ ಹತ್ತಲು ತಂಪು ಕಾರಣವೋ, ಸೆಳವು ಕಾರಣವೋ?

ಪ್ರಶ್ನೆ (ಜಮಖಂಡಿ): ನಮ್ಮೂರು ಕೃಷ್ಣೆಯ ದಂಡೆಯ ಮೇಲಿದೆ. ಬೇಸಿಗೆಯಿಡೀ ಮಡುವಿನ ತಳ ಹಿಡಿದಿರುವ ಮೀನುಗಳು, ಮೃಗಶಿರಾ ಮಳೆಯ ರಾಡಿ ನೀರು ಇಳಿದ ಕೂಡಲೇ ಸೆಳವಿಗೆ ಎದುರಾಗಿ ಹಳ್ಳ ಹತ್ತುತ್ತವೆ. ಆ ನೀರು ಕೈಗೆ ತಣ್ಣಗೆ ತಾಗುತ್ತದೆ. ಮೀನನ್ನು ಹೊರಡಿಸುವುದು ಈ ತಂಪೋ, ಹರಿವೋ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ಬಾಗಲಕೋಟೆ): ಸರ್, ಇದನ್ನು ಎರಡು ಹಂತಗಳಲ್ಲಿ ನೋಡಬೇಕು. ಮೀನು ಶೀತರಕ್ತ ಜೀವಿಯಾದ್ದರಿಂದ ನೀರಿನ ಕಾವೇ ಅದರ ಮೈಕಾವು. ಬೇಸಿಗೆಯತ್ತ ಹಗಲು ಉದ್ದವಾಗಿ ನೀರು ಕಾಯುತ್ತ ಹೋದಂತೆ ರೋಹು, ಕಾಟ್ಲಾ, ಮೃಗಾಲ್‌ಗಳ ಹೊಟ್ಟೆಯಲ್ಲಿ ತತ್ತಿ ಬಲಿಯುತ್ತದೆ. ಹೀಗೆ ಅಣಿಯಾದ ಮೀನನ್ನು ಹೊರಡಿಸುವುದು ಮಳೆಗಾಲದ ಪ್ರವಾಹ, ಏರುವ ನೀರಿನ ಮಟ್ಟ, ರಾಡಿ ಮತ್ತು ಅವುಗಳ ಜೊತೆಗೇ ಬರುವ ತಂಪು. ತಂಪೊಂದೇ ಸಾಕಾಗಿದ್ದರೆ ಅವು ಡಿಸೆಂಬರಿನಲ್ಲಿಯೇ ಹೊರಡಬೇಕಿತ್ತು. ಈ ಸೂಚನೆಗಳೆಲ್ಲ ಕೊನೆಗೆ ಮುಟ್ಟುವುದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯನ್ನು. 1957ರಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಆ ಗ್ರಂಥಿಯ ಸಾರವನ್ನು ಚುಚ್ಚಿ, ಪ್ರವಾಹವಿಲ್ಲದೆಯೇ ಇಂಥ ಗೆಂಡೆ ಜಾತಿಯ ಮೀನುಗಳಿಂದ ತತ್ತಿ ಇಡಿಸಿದರು. ಆದರೆ ಚುಚ್ಚುಮದ್ದು ನೀರಿನ ಕಾವಿಗೆ ಬದಲಿಯಾಗಲಾರದು: 27ರಿಂದ 30 ಡಿಗ್ರಿಯ ಆಸುಪಾಸಿನಲ್ಲಿ ತತ್ತಿ ಒಂದು ದಿನದೊಳಗೇ ಒಡೆಯುತ್ತದೆ, ನೀರು ತೀರ ತಣ್ಣಗಿದ್ದರೆ ತಡವಾಗಿ ಹಾಳಾಗುವುದೇ ಹೆಚ್ಚು.

ಉತ್ತರ (ಬೆಳಗಾವಿ): ಮೇಲಿನ ಮಾತು ಸರಿಯಾಗಿದೆ, ಉಸಿರಾಟದ ವಿಷಯವನ್ನು ಮಾತ್ರ ಸೇರಿಸುತ್ತೇನೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯ ನೀರು ಏಳೂವರೆ ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಮೀನಿಗೆ ಬೇಕಾಗುವುದಾದರೋ ಕಾವು ಏರಿದಷ್ಟೂ ಹೆಚ್ಚು. ಮೇ ತಿಂಗಳ ನಸುಕಿನಲ್ಲಿ ಮಡುವಿನ ಮೀನುಗಳು ಬಾಯಿ ಮೇಲೆ ಮಾಡಿ ಗುಟುಕರಿಸುವುದನ್ನು ತಾವೂ ನೋಡಿರಬಹುದು. ಆ ಸ್ಥಿತಿಯಲ್ಲಿ ದೂರದ ಈಜು ಅವುಗಳಿಂದ ಆಗದು. ಅಮೆರಿಕದ ಕೊಲಂಬಿಯಾ ನದಿಯಲ್ಲಿ 2015ರ ಬೇಸಿಗೆಯಲ್ಲಿ ನೀರು ಅತಿಯಾಗಿ ಕಾದು, ಸಮುದ್ರದಿಂದ ಮರಳುತ್ತಿದ್ದ ಸಾಕೈ ಸಾಲ್ಮನ್ ಮೀನುಗಳು ಲಕ್ಷಗಟ್ಟಲೆ ಸತ್ತವು. ಆದರೂ ಆ ಅಂಕಿಗಳನ್ನು ಇಲ್ಲಿಗೆ ಅನ್ವಯಿಸಬಾರದು. ಸಾಲ್ಮನ್ ಸೋಲುವ 21–22 ಡಿಗ್ರಿ ನಮ್ಮ ರೋಹುವಿಗೆ ತಂಪು ನೀರೇ ಸರಿ.

ಉತ್ತರ (ವಿಜಯಪುರ): ಅಣೆಕಟ್ಟುಗಳನ್ನು ಬಿಟ್ಟು ಈ ಚರ್ಚೆ ಮುಗಿಯದು. ಆಳವಾದ ಜಲಾಶಯದಲ್ಲಿ ಬೇಸಿಗೆಗೆ ಮೇಲ್ಪದರ ಕಾದು, ತಳದ ನೀರು ತಣ್ಣಗೆ, ಆಮ್ಲಜನಕ ಕಡಿಮೆಯಾಗಿ ಉಳಿಯುತ್ತದೆ. ಅದನ್ನು ತಳದ ತೂಬಿನಿಂದ ಬಿಟ್ಟರೆ ಕೆಳಗಿನ ಹೊಳೆಗೆ ಹೊತ್ತಲ್ಲದ ಹೊತ್ತಿನಲ್ಲಿ ತಂಪು ನೀರು ಬರುತ್ತದೆ. ಹಿಡಕಲ್, ನವಿಲುತೀರ್ಥ, ಆಲಮಟ್ಟಿಗಳ ಕೆಳಗೆ ನೀರಿನ ಮಟ್ಟವನ್ನು ಅಳೆಯುವಂತೆ ಕಾವನ್ನೂ ಅಳೆಯಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಜಮಖಂಡಿಯವರು ಈ ಸಲ ಹಳ್ಳ ಹೊಳೆಗೆ ಕೂಡುವಲ್ಲಿ, ಎರಡೂ ಬದಿಗೆ ಥರ್ಮಾಮೀಟರನ್ನು ಒಂದು ಮಾರು ಆಳಕ್ಕೆ ಇಳಿಬಿಟ್ಟು, ಹೊಸ ನೀರು ಬರುವ ಮುಂಚೆ ಮತ್ತು ಬಂದ ಮೇಲೆ ಬರೆದಿಟ್ಟು ಇಲ್ಲಿ ಹಾಕಿದರೆ ಉಪಕಾರವಾಗುತ್ತದೆ.