ಜುಜುತ್ಸು ಕೈಸೆನ್ ಎರಡನೆಯ ಸೀಸನ್: ಶಿಬುಯಾಕ್ಕೆ ಇಳಿಯುವ ಮುನ್ನ, ನೋಡಿದವರ ಅನುಭವ

ಕೇಳಿದವರ ಮಾತು

ಮನುಷ್ಯರ ಕೆಟ್ಟ ಭಾವನೆಗಳಿಂದ ಹುಟ್ಟುವ ಶಾಪಜೀವಿಗಳೊಡನೆ ಮಾಂತ್ರಿಕರು ಕಾದಾಡುವ ಜುಜುತ್ಸು ಕೈಸೆನ್ ಎಂಬ ಜಪಾನಿ ಅನಿಮೆಯ ಮೊದಲ ಸೀಸನ್ನಿನ 24 ಕಂತುಗಳನ್ನು ಮುಗಿಸಿ, ಎರಡನೆಯ ಸೀಸನ್ನಿನ ಮೊದಲ ಐದು ಕಂತುಗಳನ್ನು ಕಳೆದ ವಾರ ನೋಡಿದೆ. ಗೊಜೊ ಮತ್ತು ಗೆತೊ ಎಂಬ ಮಾಂತ್ರಿಕ ಗೆಳೆಯರಿಬ್ಬರ ವಿದ್ಯಾರ್ಥಿ ದಿನಗಳ ಕತೆ ಇಷ್ಟವಾಯಿತಾದರೂ ಮುಖ್ಯ ಕತೆಯಿಂದ ಬೇರೆಲ್ಲೋ ಹೋದಂತೆ ಅನ್ನಿಸಿತು. ಮುಂದೆ ಟೋಕಿಯೋದ ಶಿಬುಯಾದಲ್ಲಿ ನಡೆಯುವ ಯುದ್ಧದಲ್ಲಿ ಯಾರು ಯಾರು ಸಾಯುತ್ತಾರೆ ಎಂಬುದನ್ನು ಗೆಳೆಯರು ಈಗಾಗಲೇ ಹೇಳಿಬಿಟ್ಟಿದ್ದಾರೆ. ಆದ್ದರಿಂದ ಕತೆ ತಿಳಿದುಹೋಗುತ್ತದೆಂಬ ಸಂಕೋಚವಿಲ್ಲದೆ ಬರೆಯಿರಿ. ಇದೇ ಸರಣಿಯ ಸಿನಿಮಾ ‘ಜುಜುತ್ಸು ಕೈಸೆನ್ 0’ ನೋಡಿಲ್ಲ. ಅದನ್ನು ಈಗಲೇ ನೋಡಬೇಕೆ? ಉಳಿದ 18 ಕಂತುಗಳು ಬರೀ ಹೊಡೆದಾಟವೇ? ಒಂಬತ್ತನೆಯ ತರಗತಿಯಲ್ಲಿರುವ ತಮ್ಮ ತಾನೂ ಜೊತೆಗೆ ಕೂರುತ್ತೇನೆ ಎನ್ನುತ್ತಿದ್ದಾನೆ. ನೋಡಿದವರು ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ಸಿನಿಮಾವನ್ನು ಈಗಲೇ, ಆರನೆಯ ಕಂತಿಗೆ ಮುಂಚೆಯೇ ನೋಡಿ. ನಾನು ಅದನ್ನು ಬಿಟ್ಟು ಮುಂದೆ ಹೋಗಿ ತಪ್ಪು ಮಾಡಿದೆ. 2021ರ ಡಿಸೆಂಬರ್ 24ರಂದು ಜಪಾನಿನಲ್ಲಿ ಬಿಡುಗಡೆಯಾದ ಆ ಸಿನಿಮಾದಲ್ಲಿ ನಡೆಯುವ ಮುಖ್ಯ ಯುದ್ಧವೂ 2017ರ ಡಿಸೆಂಬರ್ 24ರದ್ದೇ. ಅದರ ಕೊನೆಯಲ್ಲಿ ಗೊಜೊ ತನ್ನ ಏಕೈಕ ಆಪ್ತ ಗೆಳೆಯ ಗೆತೊನನ್ನು ತಾನೇ ಕೊಲ್ಲುತ್ತಾನೆ. ಶಿಬುಯಾ ಪ್ರಕರಣ ನಡೆಯುವುದು 2018ರ ಅಕ್ಟೋಬರ್ 31ರ ರಾತ್ರಿ, ಅಂದರೆ ಅದಾಗಿ ಒಂದು ವರ್ಷವೂ ತುಂಬಿರುವುದಿಲ್ಲ. ಆ ರಾತ್ರಿ ಗೊಜೊನನ್ನು ಬಂಧಿಸಲು ತಂದಿಟ್ಟ ಪೆಟ್ಟಿಗೆಗೆ ಒಂದು ಕಟ್ಟಳೆಯಿದೆ: ಬಂಧಿಸಬೇಕಾದವನು ಅದರ ಹತ್ತಿರ ಒಂದು ನಿಮಿಷ ನಿಂತಿರಬೇಕು. ಆದರೆ ಆ ನಿಮಿಷವನ್ನು ಎಣಿಸುವುದು ಅವನ ಮನಸ್ಸಿನೊಳಗೆ. ಗೆತೊನ ದೇಹ ಹೊಕ್ಕ ವೈರಿಯ ರೂಪದಲ್ಲಿ ಸತ್ತ ಗೆಳೆಯನ ಮುಖ ಎದುರಿಗೆ ಬಂದು ಹೆಸರು ಹಿಡಿದು ಕರೆದಾಗ, ಒಟ್ಟಿಗೆ ಕಳೆದ ಮೂರು ವರ್ಷಗಳೂ ಗೊಜೊನ ಮನಸ್ಸಿನಲ್ಲಿ ಕ್ಷಣಮಾತ್ರದಲ್ಲಿ ಹಾದುಹೋಗುತ್ತವೆ, ನಿಮಿಷ ತುಂಬಿಹೋಗುತ್ತದೆ. ಆ ಮೂರು ವರ್ಷಗಳನ್ನು ನೀವು ಈ ಐದು ಕಂತುಗಳಲ್ಲಿ ನೋಡಿದ್ದೀರಿ. ಅವು ಹೇಗೆ ಮುಗಿದವು ಎಂಬುದು ಸಿನಿಮಾದಲ್ಲಿದೆ. ಎರಡರಲ್ಲಿ ಒಂದನ್ನು ಬಿಟ್ಟರೂ ಗೊಜೊ ಸೋತದ್ದು ಕೇವಲ ಒಂದು ಮಾಂತ್ರಿಕ ಪೆಟ್ಟಿಗೆಗೆ ಎಂದು ಅನ್ನಿಸಿಬಿಡುತ್ತದೆ.

ಇನ್ನು, ಮುಖ್ಯ ಕತೆಯಿಂದ ದೂರ ಹೋದಂತೆ ಅನ್ನಿಸಿತು ಎಂದಿದ್ದೀರಿ. ನನ್ನ ಅಭಿಪ್ರಾಯ ಇದಕ್ಕೆ ತೀರ ವಿರುದ್ಧ. ಈ ಸೀಸನ್ನಿನ ಬೇರು ಇರುವುದೇ ಆ ಐದು ಕಂತುಗಳಲ್ಲಿ. ನಾಲ್ಕನೆಯ ಕಂತಿನ ಕೊನೆಯ ದೃಶ್ಯವನ್ನು ಇನ್ನೊಮ್ಮೆ ನೋಡಿ. ಇಬ್ಬರೂ ಕಾಯಬೇಕಿದ್ದ ಹುಡುಗಿ ರಿಕೊಳ ಶವವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಗೊಜೊ ಎತ್ತಿಕೊಂಡು ನಿಂತಿದ್ದಾನೆ. ಅವಳ ಸಾವನ್ನು ಬಯಸಿದ್ದ ಪಂಥದ ಭಕ್ತರು, ಗಂಡಸರು ಹೆಂಗಸರು ಎಲ್ಲರೂ, ಮುಖದ ತುಂಬ ನಗುವಿಟ್ಟುಕೊಂಡು ಚಪ್ಪಾಳೆ ತಟ್ಟುತ್ತಿದ್ದಾರೆ. ಇವರನ್ನು ಕೊಂದುಬಿಡೋಣವೇ ಎಂದು ಗೊಜೊ ಕೇಳುತ್ತಾನೆ. ಬೇಡ, ಅದಕ್ಕೆ ಅರ್ಥವಿಲ್ಲ ಎಂದು ತಡೆಯುವವನು ಗೆತೊ. ಮುಂದಿನ ಕಂತಿನಲ್ಲಿ ಒಂದು ಹಳ್ಳಿಯ 112 ಮಂದಿಯನ್ನು ಕೊಲ್ಲುವವನೂ ಅದೇ ಗೆತೊ. ನಡುವೆ ಇರುವುದು ಒಂದು ವರ್ಷ ಮಾತ್ರ. ಆ ಒಂದು ವರ್ಷದಲ್ಲಿ ಅವನಿಗೆ ಏನಾಯಿತು ಎಂಬುದನ್ನು ಭಾಷಣದಲ್ಲಿ ಹೇಳದೆ, ಸ್ನಾನದ ನೀರು ಬೀಳುವ ಸದ್ದು ಚಪ್ಪಾಳೆಯಾಗಿ ಕೇಳುವುದರಲ್ಲಿ, ಶಾಪಜೀವಿಗಳನ್ನು ಉಂಡೆ ಮಾಡಿ ನುಂಗುವಾಗ ವಾಂತಿ ಒರೆಸಿದ ಬಟ್ಟೆಯ ರುಚಿ ಬರುತ್ತದೆ ಮತ್ತು ಆ ರುಚಿ ಇನ್ನಾರಿಗೂ ಗೊತ್ತಿಲ್ಲ ಎಂಬ ಒಂದು ಮಾತಿನಲ್ಲಿ ತೋರಿಸಿದ್ದಾರೆ. ನಾನು ನೋಡಿದ ಅನಿಮೆಗಳಲ್ಲಿ ಒಬ್ಬ ಒಳ್ಳೆಯವನು ಕೆಡುವುದನ್ನು ಇಷ್ಟು ನಿಧಾನವಾಗಿ, ಇಷ್ಟು ಕಡಿಮೆ ಮಾತಿನಲ್ಲಿ ತೋರಿಸಿದ್ದು ಇನ್ನೊಂದಿಲ್ಲ.

ಅದೇ ವರ್ಷದಲ್ಲಿ ಗೊಜೊ ಒಬ್ಬನೇ ಎಲ್ಲರಿಗಿಂತ ಬಲಶಾಲಿಯಾಗಿಬಿಟ್ಟ. ಯಾರ ನೆರವೂ ಬೇಡವಾದ ಅವನ ಪಕ್ಕದಲ್ಲಿ ಗೆತೊನಿಗೆ ಜಾಗ ಉಳಿಯಲಿಲ್ಲ. ಹನ್ನೊಂದು ವರ್ಷಗಳ ನಂತರ ಶಿಬುಯಾದಲ್ಲಿ ನಡೆಯುವುದೂ ಇದೇ ಸಂಗತಿಯ ದೊಡ್ಡ ರೂಪ: ಮಾಂತ್ರಿಕ ಲೋಕವೆಲ್ಲ ಒಬ್ಬನ ಮೇಲೆ ಭಾರ ಹಾಕಿ ಕೂತಿತ್ತು, ಆ ಒಬ್ಬನನ್ನು ತೆಗೆದ ಕೂಡಲೇ ಉಳಿದವರು ಒಬ್ಬೊಬ್ಬರಾಗಿ ಬೀಳತೊಡಗುತ್ತಾರೆ.

ಎರಡನೆಯ ಉತ್ತರ

ಹೊಡೆದಾಟದ ಬಗ್ಗೆ ಕೇಳಿದ್ದೀರಿ. ಹೊಡೆದಾಟ ಬಹಳ ಇದೆ, ಆದರೆ ಎಲ್ಲವೂ ಒಂದೇ ಬಗೆಯದಲ್ಲ. ಮೊದಲ ಸೀಸನ್ನಿನ ನಿರ್ದೇಶಕ ಪಾರ್ಕ್ ಸುಂಗ್‌ಹೂ ಅವರ ಜಾಗಕ್ಕೆ ಇಲ್ಲಿ ಗೊಶೊಜೊನೊ ಶೋತಾ ಬಂದಿದ್ದಾರೆ, ಚಿತ್ರಗಳ ಗೆರೆ ಸರಳವಾಗಿದೆ, ದೇಹಗಳ ಚಲನೆಗೆ ಬಿಡುವು ಹೆಚ್ಚಿದೆ. ಮೊದಮೊದಲು ಈ ಬದಲಾವಣೆ ನನಗೆ ಹಿಡಿಸಿರಲಿಲ್ಲ. ಮನಸ್ಸು ಬದಲಾದದ್ದು 13ನೆಯ ಕಂತಿನಲ್ಲಿ, ಕತೆಯ ನಾಯಕ ಯೂಜಿ ಮತ್ತು ಎದುರಾಳಿ ಚೋಸೊ ಶಿಬುಯಾ ರೈಲು ನಿಲ್ದಾಣದ ಶೌಚಾಲಯದೊಳಗೆ ಕಾದಾಡುವಾಗ. ಚೋಸೊನ ಆಯುಧ ಅವನ ರಕ್ತ. ಅದನ್ನು ಹೆಪ್ಪುಗಟ್ಟಿಸಿ ಬಾಣದಂತೆ ಬಿಡುತ್ತಾನೆ. ನೀರು ಬೆರೆತರೆ ರಕ್ತ ಹೆಪ್ಪುಗಟ್ಟುವುದಿಲ್ಲವಾದ್ದರಿಂದ ಯೂಜಿ ಕೊಳವೆಗಳನ್ನು ಒಡೆದು ಆ ಇಕ್ಕಟ್ಟಾದ ಜಾಗವನ್ನೆಲ್ಲ ನೀರಾಗಿಸುತ್ತಾನೆ. ನೆಲ ಜಾರುವುದು, ಗೋಡೆಯ ಬಿಲ್ಲೆಗಳು ಸಿಡಿಯುವುದು, ಉಸಿರಿಗೆ ಪುರುಸೊತ್ತಿಲ್ಲದಿರುವುದು ಎಲ್ಲ ಕಣ್ಣಿಗೆ ಕಟ್ಟುತ್ತದೆ.

17ನೆಯ ಕಂತಿನ ಯೂಜಿಯ ದೇಹದೊಳಗೆ ಸೇರಿಕೊಂಡಿರುವ ದುಷ್ಟಶಕ್ತಿ ಸುಕುನ ಮತ್ತು ಮಂತ್ರದಿಂದ ಕರೆಸಿದ ದೈತ್ಯ ಮಹೋರಗರ ಕಾಳಗ ಇದಕ್ಕಿಂತ ಬಹಳ ದೊಡ್ಡದು. (ಮಹೋರಗ ನಮ್ಮ ಸಂಸ್ಕೃತದ ಹೆಸರೇ, ಮಹಾ ಉರಗ, ಬೌದ್ಧ ಧರ್ಮದ ಜೊತೆ ಜಪಾನಿಗೆ ಹೋದದ್ದು.) ಮಹೋರಗನ ತಲೆಯ ಮೇಲಿನ ಚಕ್ರ ಒಂದು ಸಲ ತಿರುಗಿತೆಂದರೆ, ತನಗೆ ಬಿದ್ದ ಪೆಟ್ಟಿಗೆ ಅದು ಒಗ್ಗಿಕೊಂಡಿತೆಂದು ಅರ್ಥ. ಆ ಕಾಳಗದ ಕೆಲವು ಚಿತ್ರಗಳು ಅರೆಬರೆಯಾಗಿ ಕಾಣುತ್ತವೆ ಎಂಬ ಆಕ್ಷೇಪ ನಿಜ. ಪ್ರಸಾರದ ದಿನಗಳಲ್ಲೇ ಕೆಲವು ಅನಿಮೇಟರ್‌ಗಳು ವೇಳೆ ಸಾಲದಿರುವ ಬಗ್ಗೆ ಬಹಿರಂಗವಾಗಿ ನೋವು ತೋಡಿಕೊಂಡಿದ್ದರು. ಅಷ್ಟು ಒತ್ತಡದಲ್ಲಿ ಮಾಡಿದ ಕೆಲಸವೆಂದು ತಿಳಿದು ನೋಡಿದರೆ ಮೆಚ್ಚುಗೆಯ ಜೊತೆಗೆ ಸಂಕಟವೂ ಆಗುತ್ತದೆ. ಆ ಸಂಕಟವನ್ನು ಬದಿಗಿಟ್ಟು ಹೊಗಳಲು ನನಗೆ ಮನಸ್ಸಾಗುವುದಿಲ್ಲ.

ಒಂದು ದೋಷವನ್ನು ಮೊದಲೇ ಹೇಳಿಬಿಡುತ್ತೇನೆ. ಯಾರು ನೆಲಮಾಳಿಗೆಯ ಯಾವ ಅಂತಸ್ತಿನಲ್ಲಿದ್ದಾರೆ, ಮಂತ್ರದಿಂದ ಕಟ್ಟಿದ ಯಾವ ಪರದೆಯ, ಅಂದರೆ ತಡೆಗೋಡೆಯ, ಒಳಗಿದ್ದಾರೆ ಎಂಬುದು ನಡುವೆ ಗೊಂದಲವಾಗುತ್ತದೆ. ಗೊಜೊನ ಯುದ್ಧ ಐದನೆಯ ನೆಲಮಾಳಿಗೆಯ ಫುಕುತೊಶಿನ್ ಮಾರ್ಗದ ರೈಲುಕಟ್ಟೆಯಲ್ಲಿ ನಡೆಯುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಉಳಿದವರ ದಾರಿ ಹಿಡಿಯುವುದು ಸುಲಭ.

ಕೇಳಿದವರು ಮತ್ತೆ

ಇಬ್ಬರಿಗೂ ಧನ್ಯವಾದಗಳು. ಸಿನಿಮಾವನ್ನು ಈ ಭಾನುವಾರವೇ ನೋಡುತ್ತೇನೆ. ತಮ್ಮನ ವಿಷಯ ಇನ್ನೂ ತೀರ್ಮಾನವಾಗಲಿಲ್ಲ.

ಮೂರನೆಯ ಉತ್ತರ

ನಾನು ನನ್ನ ತಮ್ಮನ ಜೊತೆ ನೋಡಿದವಳು. ಆಗ ಅವನೂ ಒಂಬತ್ತನೆಯ ತರಗತಿಯಲ್ಲಿದ್ದ. ರಕ್ತ, ಹೊಡೆತಗಳಿಗೆ ಅವನು ಹೆದರಲಿಲ್ಲ. ಅವನನ್ನು ಕಂಗೆಡಿಸಿದ್ದು 18ನೆಯ ಕಂತಿನ ನನಾಮಿಯ ಸಾವು. ನನಾಮಿ ಸಂಬಳದ ಕೆಲಸ ಬಿಟ್ಟು ಮಾಂತ್ರಿಕ ವೃತ್ತಿಗೆ ಮರಳಿದವನು, ದಿಂಬಿನ ಮೇಲೆ ಉದುರಿದ ಕೂದಲು ಹೆಚ್ಚಾಗುವುದು, ಇಷ್ಟದ ಬ್ರೆಡ್ಡು ಅಂಗಡಿಯಲ್ಲಿ ಸಿಗದಾಗುವುದು, ಇಂಥ ಸಣ್ಣ ಸಣ್ಣ ನಿರಾಸೆಗಳೇ ಮನುಷ್ಯನನ್ನು ದೊಡ್ಡವನನ್ನಾಗಿಸುತ್ತವೆ ಎಂದು ಯೂಜಿಗೆ ಹೇಳಿದ್ದವನು. ಅರ್ಧ ಮೈ ಸುಟ್ಟುಕೊಂಡು, ಮಲೇಷ್ಯಾದ ಕುವಾಂತಾನ್ ಕಡಲತೀರದಲ್ಲಿ ಮನೆ ಕಟ್ಟಿ, ಓದದೆ ಉಳಿದ ಪುಸ್ತಕಗಳನ್ನು ಒಂದೊಂದೇ ಓದಬೇಕಿತ್ತು ಎಂದುಕೊಳ್ಳುತ್ತ ನಡೆಯುವ ಆ ದೃಶ್ಯಕ್ಕೆ ದೊಡ್ಡವಳಾದ ನನಗೇ ಗಂಟಲು ಕಟ್ಟಿತು. ಕೊನೆಗೆ ಯೂಜಿಯ ಕಡೆ ನೋಡಿ, ಏನಾದರೂ ಹೇಳಿದರೆ ಅದು ಈ ಹುಡುಗನಿಗೆ ಶಾಪವಾಗುತ್ತದೆ ಎಂದು ಅರಿತೂ, ಮುಂದಿನದು ನಿನಗೆ ಬಿಟ್ಟಿದ್ದು ಎಂದು ಹೇಳಿಯೇ ಹೋಗುತ್ತಾನೆ.

ಅದರ ಹಿಂದಿನ ಕಂತಿನ ಕೊನೆಯಲ್ಲಿ, ತನ್ನದೇ ಕೈಗಳಿಂದ ಸುಕುನ ಮಾಡಿದ ನಾಶವನ್ನು ಕಂಡು ಯೂಜಿ ನೆಲ ಕೆರೆಯುತ್ತ ತಾನು ಸಾಯಬೇಕೆಂದು ತನ್ನನ್ನೇ ಶಪಿಸಿಕೊಳ್ಳುತ್ತಾನೆ. 19ನೆಯದರಲ್ಲಿ ಯೂಜಿಯ ಸಹಪಾಠಿ ನೊಬರಾಳ ಸರದಿ. ಆದ್ದರಿಂದ ನನ್ನ ಸಲಹೆ ಇಷ್ಟೆ: ತಮ್ಮನನ್ನು ಕೂರಿಸಿಕೊಳ್ಳಿ, ಆದರೆ 17, 18, 19 ಈ ಮೂರನ್ನು ಒಂದೇ ರಾತ್ರಿ ನೋಡಬೇಡಿ, ಅವನು ಒಬ್ಬನೇ ಮೊಬೈಲಿನಲ್ಲಿ ನೋಡಲು ಬಿಡಬೇಡಿ. 17ನೆಯದನ್ನು ನೀವು ಮೊದಲೇ ನೋಡಿಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು. ನನ್ನ ತಮ್ಮ 18ನೆಯದು ಮುಗಿದ ಮೇಲೆ ಊಟಕ್ಕೆ ಬರದೆ ಕೋಣೆಯಲ್ಲೇ ಕೂತಿದ್ದ. ಮರುದಿನ ಬೆಳಿಗ್ಗೆ ಶಾಲೆಯ ಬೂಟು ಹಾಕಿಕೊಳ್ಳುತ್ತ, "ಅಕ್ಕಾ, ಅವರು ಆ ಮಾತು ಹೇಳಬಾರದಿತ್ತಾ?" ಎಂದು ಕೇಳಿದ. ಹೇಳದಿದ್ದರೆ ಯೂಜಿ ಮತ್ತೆ ಎದ್ದು ನಿಲ್ಲುತ್ತಿರಲಿಲ್ಲ ಎಂದೆ. ಅವನು ಒಪ್ಪಲಿಲ್ಲ, ಬಸ್ಸು ಬರುವ ತನಕ ಅದನ್ನೇ ಮಾತಾಡಿದೆವು.